ಗಿರಿಜಾ ಬೋನು ಮುಟ್ಟಿದ್ದು

ಬರೋಡೆಯ ಅಲ್ಕಾಪುರಿಯಲ್ಲಿ, ರೈಲ್ವೆ ಸ್ಟೇಶನ್ನಿನ ಹತ್ತಿರ, ಕುಂದಾಪುರದ ಜನಾರ್ದನ ಐತಾಳರ ಇಡ್ಲಿ ಹೋಟೆಲಿತ್ತು. ಹೋಟೆಲಿನ ಹಿಂಬದಿಗೆ ಮನೆ, ಮನೆಯ ಹಿಂದೆ ಅಕ್ಕಪಕ್ಕದ ಬಂಗಲೆಗಳಿಗೂ ಸೇರಿದ ಒಂದು ತೋಟ, ತೋಟದ ಮೂಲೆಗೆ ತಗಡಿನ ಚಪ್ಪರ. ಐತಾಳರ ಹೆಂಡತಿ ಗಿರಿಜಾ ಅರವತ್ತೆರಡನೇ ಇಸವಿಯಲ್ಲಿ ಮದುವೆಯಾಗಿ ಬಂದವಳು. ಐದು ವರ್ಷದಲ್ಲಿ ಅವಳು ಕಂಡ ಬರೋಡೆ ಎಂದರೆ ಇಷ್ಟೇ. ತಿಂಗಳಿಡೀ ಒಳಗೆ ರುಬ್ಬುವ ಕಲ್ಲು. ಮುಟ್ಟಾದ ಮೂರು ದಿನ ಹೊರಗೆ ಆ ಚಪ್ಪರ. ಅದನ್ನು ದಾಟುವಂತಿಲ್ಲ, ಏನನ್ನೂ ಮುಟ್ಟುವಂತಿಲ್ಲ.

ಆ ಮೂರು ದಿನ ಅವಳಿಗೆ ಜೊತೆಯೆಂದರೆ ಬೀದಿಯ ಬೆಕ್ಕುಗಳು, ಮತ್ತೆ ಒಂದು ಹೆಣ್ಣುನರಿ. ಅವಳು ಪತ್ರಾವಳಿಯಲ್ಲಿ ಉಳಿಸಿದ ಅನ್ನಕ್ಕೆ ಮೊದಲು ಬೆಕ್ಕುಗಳು ಬಾಯಿ ಹಾಕಬೇಕು. ನರಿ ಮಾತ್ರ ದಾಸವಾಳದ ಬುಡದಲ್ಲಿ, ಮದುವೆಮನೆಯಲ್ಲಿ ಎರಡನೇ ಪಂಕ್ತಿಗೆ ಕಾಯುವವರ ಹಾಗೆ, ಗಂಭೀರವಾಗಿ ಕೂತಿರುತ್ತಿತ್ತು. ಬಿದಿರುಮೆಳೆಯೊಳಗೆ ಅದರ ಮೂರು ಮರಿ.

ಅತ್ತೆ ಸರಸ್ವತಮ್ಮನಿಗೆ ಇದೊಂದೂ ಗೊತ್ತಿಲ್ಲ; ನರಿ ಸುಳಿಯುವುದು ಮಾತ್ರ ಕಣ್ಣಿಗೆ ಬಿದ್ದಿತ್ತು. ಉಗ್ರಾಣದ ಇಲಿ ಹಿಡಿಯುವ ಬೆಕ್ಕನ್ನು ನರಿ ತಿಂದೀತು ಎಂದು ಮಗನಿಗೆ ಹೇಳಿ ಬೋನು ಇಡಿಸಿದರು. ಸಿಕ್ಕಿದರೆ ತೋಟದ ಮಾಲಿ ಅದನ್ನು ಹೊಳೆಯಾಚೆ ಬಿಟ್ಟು ಬರುವುದೆಂದು ಮಾತಾಯಿತು.

"ಅತ್ತೇ, ಅದು ಬೆಕ್ಕಿನ ತಂಟೆಗೇ ಹೋಗುವುದಿಲ್ಲ. ಮರಿ ಬೇರೆ ಉಂಟು." ಅಂದು ಹೊರಗಿನ ಮೊದಲ ದಿನ; ಗಿರಿಜಾ ಚಪ್ಪರದಿಂದಲೇ ಹೇಳಿದಳು.

"ನಿನ್ನ ಹತ್ತಿರ ಯಾರು ಕೇಳಿದ್ದು ಮಾರಾಯ್ತಿ? ಕೂತಲ್ಲಿ ಕೂರು."

ಮರುದಿನ ಬೆಳಿಗ್ಗೆ ನರಿ ಬೋನಿನೊಳಗಿತ್ತು. ಕೂಗಲಿಲ್ಲ, ಒಂದೇ ಸಮನೆ ಸುತ್ತುತ್ತಿತ್ತು. ಮೆಳೆಯಲ್ಲಿ ಮರಿಗಳು ಕುಂಯ್‌ಗುಟ್ಟುತ್ತಿದ್ದವು. ಅತ್ತೆ ಒದ್ದೆ ಸೀರೆಯಲ್ಲಿ ತುಳಸಿಗೆ ನೀರೆರೆಯುತ್ತಿದ್ದರು. ಗೇಟಿನಲ್ಲಿ ಮಾಲಿಯ ಸೈಕಲ್ ನಿಂತಿತು.

ಗಿರಿಜಾ ಎದ್ದಳು. ಚಪ್ಪರ ದಾಟಿ ಬಂದವಳೇ ಬೋನಿನ ಬಾಗಿಲು ಮೇಲೆತ್ತಿದಳು. ನರಿ ಚಂಗನೆ ಹಾರಿ ಮೆಳೆಯೊಳಗೆ ಹೋಯಿತು.

"ಅಯ್ಯಯ್ಯೋ! ಮುಟ್ಟಿಯೇ ಬಿಟ್ಟೆಯಾ?"

"ಮುಟ್ಟಿದೆ ಅತ್ತೆ. ಬೋನು ಒಳಗೆ ತಂದಿಡಲಾ?"

"ಒಳಗಾ! ಇನ್ನು ಆ ದರಿದ್ರ ಬೋನು ನನ್ನ ಅಂಗಳದಲ್ಲೇ ಇರಬಾರದು." ಸರಸ್ವತಮ್ಮ ಮಡಿಸೀರೆ ಎತ್ತಿಕೊಂಡು ನಾಲ್ಕು ಹೆಜ್ಜೆ ಹಿಂದೆ ಸರಿದರು. "ಚಪ್ಪರ ದಾಟಿದ್ದಕ್ಕೆ ನಿನಗೆ ಇನ್ನೆರಡು ದಿನ ಜಾಸ್ತಿ. ಕೂರು ಅಲ್ಲೇ!"

ಮಾಲಿ ಖಾಲಿ ಬೋನು ಹೊತ್ತುಕೊಂಡು ಹೋದ.

ಹೊತ್ತೇರುವ ಮುಂಚೆ ನರಿ ಒಂದೊಂದೇ ಮರಿಯನ್ನು ಕಚ್ಚಿಕೊಂಡು ಪಾಗಾರದ ಕಿಂಡಿಯಲ್ಲಿ ಆಚೆ ಹೋಯಿತು. ಮೂರನೆಯದನ್ನು ಒಯ್ದ ಮೇಲೆ ತಿರುಗಿ ಬರಲಿಲ್ಲ.

ಮಧ್ಯಾಹ್ನ ಗಿರಿಜಾ ಎಂದಿನ ಹಾಗೆ ಅನ್ನ ಉಳಿಸಿದಳು. ಬೆಕ್ಕುಗಳು ತಮ್ಮ ಪಾಲು ತಿಂದು, ಮೀಸೆ ಒರೆಸಿಕೊಂಡು ಹೋದವು. ಎರಡನೇ ಪಂಕ್ತಿಯದು ಎಲೆಯಲ್ಲೇ ಒಣಗಿತು. ಅವಳು ಕಿಂಡಿಯನ್ನೇ ನೋಡುತ್ತ ಕೂತಳು. ಅಂದೂ ಸೇರಿ ಇನ್ನೂ ನಾಲ್ಕು ದಿನವಿತ್ತು.