ಭರಮಸಾಗರದ ರುದ್ರಪ್ಪನವರ ಒಪ್ಪಿಗೆ

ಸಾವಿರದ ಒಂಬೈನೂರ ಇಪ್ಪತ್ತರ ದಶಕದಲ್ಲಿ ನಾನು ಚಿತ್ರದುರ್ಗದಲ್ಲಿ ಸಬ್ ಅಸಿಸ್ಟೆಂಟ್ ಸರ್ಜನ್ ಆಗಿದ್ದೆ. ಆಸ್ಪತ್ರೆಯ ಕೆಲಸಕ್ಕೆ ಕೊನೆಯೆಂಬುದಿರಲಿಲ್ಲ. ದಣಿದ ಕಣ್ಣಿಗೆ ರೋಗಿಗಳ ಮುಖ ಕಾಣುತ್ತಿರಲಿಲ್ಲ, ಹುಣ್ಣು ಬಾವುಗಳಷ್ಟೇ ಕಾಣುತ್ತಿದ್ದವು. ರುದ್ರಪ್ಪನವರ ಮುಖವೊಂದು ಮಾತ್ರ ಮರೆತಿಲ್ಲ.

ಅವರು ಭರಮಸಾಗರದ ಬಟ್ಟೆ ವ್ಯಾಪಾರಿ. ದಿನವಿಡೀ ಅಂಗಡಿಯಲ್ಲಿ ನಿಂತು ನಿಂತು ಕಾಲಿನ ರಕ್ತನಾಳಗಳು ಗಂಟುಗಂಟಾಗಿ ಉಬ್ಬಿದ್ದವು. ಇದಕ್ಕೆ ವೇರಿಕೋಸ್ ವೇನ್ಸ್ ಎನ್ನುತ್ತಾರೆ. ನಾಳದೊಳಕ್ಕೆ ಸೋಡಿಯಂ ಸ್ಯಾಲಿಸಿಲೇಟ್ ಇಂಜೆಕ್ಷನ್ ಕೊಟ್ಟರೆ ಆ ನಾಳ ಒಳಗೇ ಅಂಟಿಕೊಂಡು ಮುಚ್ಚಿಹೋಗುತ್ತದೆ. ಆಗ ಅದು ಹೊಸ ಚಿಕಿತ್ಸೆ. ಕೊಟ್ಟೆ.

ಸ್ವಲ್ಪ ಹೊತ್ತಿನಲ್ಲೇ ಅವರ ಬಲಗೈ ಜೋತುಬಿತ್ತು. "ಏನಾಗ್ತಿದೆ?" ಎಂದೆ. "ಆಗ್ಲಿ" ಎಂದರು. ಹೆಸರು ಕೇಳಿದರೂ "ಆಗ್ಲಿ". ಏನು ಕೇಳಿದರೂ ಆ ಒಂದು ಮಾತು ಬಿಟ್ಟು ಬೇರೆ ಬಾಯಿಗೆ ಬರುತ್ತಿರಲಿಲ್ಲ. ಮದ್ದು ಕಾಲಿಗೆ, ಪೆಟ್ಟು ಮಿದುಳಿಗೆ! ರಕ್ತದ ಹೆಪ್ಪೇನಾದರೂ ಮೇಲೇರಿತೋ ಏನೋ, ಊಹೆಯಷ್ಟೇ. ಕಾಯುವುದು ಬಿಟ್ಟು ಬೇರೆ ದಾರಿಯಿರಲಿಲ್ಲ.

ಮರುದಿನ ಬೆಳಿಗ್ಗೆ ಅವರ ಅಣ್ಣ ಬಸಪ್ಪ ಬೀಗರಾಗಲಿದ್ದ ಹೊಳಲ್ಕೆರೆಯ ಗಂಡಿನ ಕಡೆಯವರನ್ನು ಕರೆದುಕೊಂಡು ತಾಂಬೂಲದ ತಟ್ಟೆಯೊಡನೆ ವಾರ್ಡಿಗೇ ಬಂದ. ಹಿರಿಯರೆದುರು ಹೆಣ್ಣಿನ ತಂದೆ ಮಾತು ಕೊಟ್ಟು ತಾಂಬೂಲ ಬದಲಾಯಿತೆಂದರೆ ಮುಗಿಯಿತು, ಹಿಂದೆಗೆಯುವಂತಿಲ್ಲ. ತಂದೆಯ ಆರೈಕೆಗಿದ್ದ ಮಗಳು ಗೌರಮ್ಮ ನನ್ನ ಬಳಿ ಓಡಿಬಂದಳು.

"ಅಪ್ಪ ಈ ಸಂಬಂಧ ಬ್ಯಾಡ ಅಂದಿದ್ರು ಸಾಹೇಬ್ರೆ. ಆ ಗಂಡಿಗೆ ಮೊದ್ಲೇ ಒಬ್ಳು ಹೆಂಡ್ತಿ ಅವ್ಳೆ. ದೊಡ್ಡಪ್ಪಗೆ ಅವರ ಮನೆತನದ ಮ್ಯಾಲೆ ಆಸೆ."

ನಾನು ಹೋಗುವಷ್ಟರಲ್ಲಿ ಬಸಪ್ಪ ತಮ್ಮನನ್ನು ಕೇಳಿಯಾಗಿತ್ತು.

"ಏನಪ್ಪ, ಗೌರಿನ ಇವರ ಮನೆಗೆ ಕೊಡಾಣ?"

"ಆಗ್ಲಿ."

"ಕೇಳಿದ್ರಾ? ತಂದೆ ಬಾಯಿಂದ್ಲೇ ಬಂತು. ತಾಂಬೂಲ ತಗಳ್ರಿ."

"ತಡೀರಿ" ಎಂದು ನಾನು ಮಂಚದ ಬಳಿ ಕುಳಿತೆ. "ರುದ್ರಪ್ಪನವರೇ, ನಿಮ್ಮ ಕಾಲು ಕತ್ತರಿಸಿಬಿಡೋಣವೇ?"

"ಆಗ್ಲಿ."

ಬೀಗರಲ್ಲೊಬ್ಬ ಕಿಸಕ್ಕನೆ ನಕ್ಕ. ನನಗೆ ರೇಗಿಹೋಯಿತು. ತಡೆದುಕೊಂಡು ಮತ್ತೆ ಕೇಳಿದೆ. "ಹಾಗಾದರೆ ಈ ಮದುವೆ ಬೇಡವೇ?"

"ಆಗ್ಲಿ" ಎನ್ನುತ್ತಲೇ ರುದ್ರಪ್ಪನವರ ಕಣ್ಣಲ್ಲಿ ನೀರಿಳಿಯಿತು. ಎಡಗೈ ಚಾಚಿ ತಟ್ಟೆಯನ್ನು ದೂರ ತಳ್ಳಿದರು.

ಬೀಗರ ಹಿರಿಯ ಎದ್ದುನಿಂತ. "ಇದು ಮಾತಲ್ಲ ಬಸಪ್ಪ. ನಡೀರಿ, ಹೋಗಾಣ."

ಕೆಲವು ವಾರಗಳಲ್ಲಿ ರುದ್ರಪ್ಪನವರಿಗೆ ಮಾತು ಮರಳಿತು, ಪೂರ್ತಿಯಾಗಿ ಅಲ್ಲ. ಗೌರಮ್ಮನನ್ನು ಮುಂದೆ ಎಲ್ಲಿಗೆ ಕೊಟ್ಟರೋ ನನಗೆ ತಿಳಿಯದು.

ಆಮೇಲಿನ ಸರ್ವಿಸ್ ಉದ್ದಕ್ಕೂ ರೋಗಿಯೊಬ್ಬ ಸೂಜಿಗೆ "ಆಗ್ಲಿ ಸ್ವಾಮಿ" ಎಂದಾಗಲೆಲ್ಲ, ಇವನಿಗೆ ಬೇಡ ಎನ್ನಲು ಸಾಧ್ಯವಿದೆಯೇ ಎಂದು ಮೊದಲು ನೋಡುತ್ತಿದ್ದೆ. ಸರ್ಕಾರಿ ಡಾಕ್ಟರ ಎದುರು ಕೈಕಟ್ಟಿ ನಿಂತವರಲ್ಲಿ, ಮಿದುಳು ನೆಟ್ಟಗಿದ್ದರೂ, ಹೆಚ್ಚಿನವರಿಗೆ ಅದು ಸಾಧ್ಯವಿರಲಿಲ್ಲ.