ಹಸಿರು ಪರದೆಯನ್ನು ನಂಬದ ಮಾದೇವಿ

ನಂಬಲು ಆಗುತ್ತಿಲ್ಲ ಗೆಳೆಯರೇ...
ಮಾದೇವಿ ಇಲ್ಲ.

ಬೆಳಿಗ್ಗೆ ಯಾದಗಿರಿ ಆಸ್ಪತ್ರೆಯಿಂದ ಅವಳ ಕಾಕಾ ಫೋನ್ ಮಾಡಿದರು. "ಹೋಗ್ಯಾಳ್ರಿ..." ಅಂದರು.

ಗೊತ್ತಿಲ್ಲದವರಿಗೆ ಹೇಳುತ್ತೇನೆ.
ಗೋಗಿ ಊರಿನ ಕುರುಬರ ಮನೆಯ ಹುಡುಗಿ. ಡಿಪ್ಲೊಮಾ ಮುಗಿಸಿ ಕಡೇಚೂರು ಕಡೆ ನಾನಿರುವ ಕೆಮಿಕಲ್ ಫ್ಯಾಕ್ಟರಿಗೇ ಸೇರಿದ್ದಳು. ಯಂತ್ರಗಳು ಕಳಿಸುವ ಡೇಟಾ ಸರಿಯಾಗಿ ತಲುಪುವಂತೆ ನೋಡಿಕೊಳ್ಳುವುದು ಅವಳ ಕೆಲಸ. ನಾನು ಕಂಟ್ರೋಲ್ ರೂಮಿನಲ್ಲಿ ಪರದೆ ನೋಡುವವನು.
ನನ್ನ ಡಬ್ಬಿಯ ಪುಂಡಿಪಲ್ಯವನ್ನು ಕೇಳದೇ ತೆಗೆದುಕೊಳ್ಳುವಷ್ಟು ಸಲುಗೆ...

ನಮ್ಮ ಟ್ಯಾಂಕ್ ಶೆಡ್ಡಿನಲ್ಲಿ ಗ್ಯಾಸ್ ಸೆನ್ಸರ್ ಇದೆ. ಅದರ ಡೇಟಾ ತುಂಡು ತುಂಡಾಗಿ ಬರುತ್ತದೆ. ಒಂದೊಂದು ತುಂಡೂ ಒಂದು ಫ್ರೇಮ್. ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂಬ ಗುರುತು, ಕೊನೆಗೆ ತಾಳೆ ನೋಡಲು ಒಂದು ಸಂಖ್ಯೆ. ತಾಳೆಯಾಗದಿದ್ದರೆ ಈ ಕಡೆಯ ಯಂತ್ರ ಅದನ್ನು ಎಸೆದುಬಿಡುತ್ತದೆ.
ಆ ಸೆನ್ಸರಿನ ವೈರನ್ನು ದೊಡ್ಡ ಮೋಟಾರಿನ ಕೇಬಲ್‌ಗೆ ಅಂಟಿಸಿಯೇ ಎಳೆದಿದ್ದರು. ಮೋಟಾರ್ ಓಡಿದಾಗಲೆಲ್ಲ ಫ್ರೇಮ್ ಕೆಡುತ್ತಿತ್ತು.

ನನ್ನೆದುರೇ ಮ್ಯಾನೇಜರ್‌ಗೆ ಹೇಳಿದ್ದಳು.
"ಸರ್, ಕೆಟ್ಟ ಫ್ರೇಮ್ ಎಸಿಯೋದು ಬರೋಬ್ಬರಿ ಅದರಿ. ಆದ್ರ ಹೊಸಾದು ಬರೋತನಕ ಸ್ಕ್ರೀನ್ ಹಳೇ ನಂಬರೇ ತೋರಸ್ತದ. ವೈರ್ ಬ್ಯಾರೆ ಎಳಸ್ರಿ."
"ಸ್ಕ್ರೀನ್ ಹಸಿರ ಅದ ಇಲ್ಲೋ? ಮತ್ತ ನಿಂದೇನು?"

ಈ ಕಡೆಯ ಯಂತ್ರ ಮತ್ತೆ ಮತ್ತೆ ಕೇಳಿದರೂ ಸೆನ್ಸರಿನಿಂದ ಸರಿಯಾದ ಫ್ರೇಮ್ ಬರದಿದ್ದರೆ ಅಲಾರಂ ಹೊಡೆಯುವಂತೆ ಅವಳೇ ಸೆಟ್ ಮಾಡಿದಳು. ಹೊಡೆಯಿತು. ಕೆಲಸ ನಿಂತಿತು.
ಮರುದಿನವೇ ಮ್ಯಾನೇಜರ್ ಆ ಅಲಾರಂ ತೆಗೆಸಿದರು. "ಸುಮ್ಸುಮ್ಕ ಒದರ್ತದ" ಅಂತ.

ನಿನ್ನೆ ಮಧ್ಯಾಹ್ನ ನನ್ನ ಪರದೆ ನೋಡುತ್ತ ನಿಂತಳು.
"ಅಣ್ಣಾ, ಈ ನಂಬರ್ ಮುಂಜಾನಿಂದ ಅಳ್ಳಾಡಿಲ್ಲ. ನಾ ನೋಡಿ ಬರ್ತೀನಿ."
ಶೆಡ್ಡಿನ ಬಾಗಿಲಿಂದ ಅವಳ ಫೋನ್ ಬಂತು. "ವಾಸನಿ ಬರಾಕತ್ತದ, ಸೈರನ್ ಒತ್ತ್ರಿ! ಒಳಗ ಇಬ್ರು ಬಿದ್ದಾರ!"
ಒತ್ತಿದೆ. ಓಡಿದೆ.
ನಾನು ತಲುಪುವಷ್ಟರಲ್ಲಿ ಒಬ್ಬನನ್ನು ಎಳೆದು ತಂದಿದ್ದಳು. ಇನ್ನೊಬ್ಬನನ್ನು ಬಾಗಿಲವರೆಗೆ ತಂದು... ಅಲ್ಲೇ ಕುಸಿದಳು.

ಮಾದೇವಿ...
ಮತ್ತೆ ಯಾಕೆ ಒಳಗೆ ಹೋದೆ ತಂಗಿ?
ಮಾಸ್ಕ್ ಇಟ್ಟ ಕಪಾಟಿಗೆ ಬೀಗ ಹಾಕಿದ್ದರು. ಅದೂ ನಿನಗೆ ಗೊತ್ತಿತ್ತು.
ನೀನು ಉಸಿರಿಗಾಗಿ ಒದ್ದಾಡುತ್ತಿದ್ದಾಗಲೂ ನನ್ನ ಪರದೆ ಹಸಿರೇ ಇತ್ತಂತೆ...

ಈಗ ಫ್ಯಾಕ್ಟರಿಯ ಗ್ರೂಪಿನಲ್ಲಿ ಪ್ರಕಟಣೆ ಬಂದಿದೆ: "ಅನುಮತಿ ಇಲ್ಲದೆ ಒಳಗೆ ಹೋಗಿದ್ದರಿಂದ ಅವಘಡ."
ಅದರ ಕೆಳಗೆ ಮ್ಯಾನೇಜರ್ ಕೈಮುಗಿದಿದ್ದಾರೆ. "ದಕ್ಷ ಉದ್ಯೋಗಿ" ಅಂತೆ!
ಥೂ.

ಅವಳು ಕೊನೆಗೆ ಎಳೆದು ತಂದವನು ಸುರಪುರದ ಕೂಲಿ ಹಣಮಂತ. ಇವತ್ತು ಆಸ್ಪತ್ರೆಯ ಹಾಸಿಗೆಯಲ್ಲಿ ಎದ್ದು ಕೂತಿದ್ದಾನೆ. ಫ್ಯಾಕ್ಟರಿಯವರು ಬಂದು "ಏನೂ ನೆನಪಿಲ್ಲ ಅಂದ್ಬಿಡು" ಅಂದು ಹೋದರಂತೆ.
ನನ್ನ ಕೈ ಹಿಡಿದು ಅತ್ತ. "ಆಕಿ ಕೈ ನನ್ನ ಬಗಲಾಗಿತ್ತರಿ... ಹ್ಯಾಂಗ ಮರೀಲಿ?"
ಪೊಲೀಸರ ಮುಂದೆ ಅವನೂ ಹೇಳಿದ, ನಾನೂ ಹೇಳಿದೆ. ಇಬ್ಬರ ಕೆಲಸವೂ ಉಳಿಯುವುದಿಲ್ಲ. ಇರಲಿ.

ಸಂಜೆ ಗೋಗಿಯಲ್ಲಿ ಮಣ್ಣು ಮಾಡುತ್ತಾರೆ. ಅವಳನ್ನು ಬಲ್ಲವರೆಲ್ಲ ಬನ್ನಿ.
ಹಾರ ಹಿಡಿದು ಫ್ಯಾಕ್ಟರಿ ಕಾರಿನಲ್ಲಿ ಬರುವವರು ದಾರಿಯಲ್ಲೇ ತಿರುಗಿ ಹೋಗಿ. ಅವಳ ಅವ್ವನ ಮುಂದೆ ನಿಲ್ಲುವ ಮುಖ ನಿಮಗಿಲ್ಲ.

ಹೋಗಿ ಬಾ ತಂಗಿ...
ನಿನ್ನ ಜೀವಕ್ಕೆ ಶಿವ ತಂಪು ಕೊಡಲಿ.