ಒಂದನ್ನೂ ಖಾಲಿ ಬಿಡಬೇಡ ಎಂದವನು

ನಾಗಭೂಷಣ, ಆ ಪರೀಕ್ಷೆಯಲ್ಲಿ ನೀನು ಸೋತದ್ದು ನಿನ್ನ ದಡ್ಡತನದಿಂದಲ್ಲ. ನಾನು ಸೋಲಿಸಿದೆ. ಬೇಕೆಂದೇ, ಲೆಕ್ಕ ಹಾಕಿ ಸೋಲಿಸಿದೆ. ಇದನ್ನು ಮೊದಲ ಸಾಲಿನಲ್ಲೇ ಬರೆದುಬಿಡಬೇಕು — ಇಲ್ಲವಾದರೆ ಸುತ್ತಿ ಬಳಸಿ ನಿನ್ನ ತಪ್ಪಿನಿಂದ ಶುರುಮಾಡಿ, ಅದರ ಮರೆಯಲ್ಲಿ ನನ್ನದನ್ನು ಬಚ್ಚಿಟ್ಟುಬಿಡುತ್ತೇನೆ. ನನ್ನ ಬುದ್ಧಿ ನನಗೆ ಗೊತ್ತು.

ಹಾಗೆಂದು ನಿನ್ನ ತಪ್ಪನ್ನು ಹೇಳದೆ ಇರಲೂ ಆರೆ. ಕೋಲಾರದ ಕಾಲೇಜಿನಲ್ಲಿ ಬಿ.ಎಸ್ಸಿ. ಕೊನೆಯ ವರ್ಷ, ಪ್ರಿಪರೇಟರಿ ಪರೀಕ್ಷೆ. ನೀನು ನನ್ನ ಹಿಂದಿನ ಬೆಂಚಿನಲ್ಲಿದ್ದೆ. ನನ್ನ ಗಣಿತದ ಹಾಳೆಯಲ್ಲಿ ಒಂದು ಲೆಕ್ಕದ ಮೂರನೇ ಸಾಲಿನಲ್ಲಿ ಮೈನಸ್ ಚಿಹ್ನೆ ಬಿಟ್ಟುಹೋಗಿತ್ತು. ನಿನ್ನ ಹಾಳೆಯಲ್ಲೂ ಅದೇ ಲೆಕ್ಕ, ಅದೇ ಮೂರನೇ ಸಾಲು, ಅದೇ ತಪ್ಪು. ಮೇಷ್ಟ್ರು ಇಬ್ಬರನ್ನೂ ಸ್ಟಾಫ್ ರೂಮಿಗೆ ಕರೆಸಿ ಎರಡು ಹಾಳೆಗಳನ್ನೂ ಮೇಜಿನ ಮೇಲೆ ಹರಡಿದರು.

"ಯಾರು ಯಾರದ್ದು ನೋಡಿದ್ದು?"

ನಾನು ನೋಡಿಲ್ಲ ಎಂದೆ. ನೀನು ಏನೂ ಹೇಳಲಿಲ್ಲ. ನಿನ್ನ ಚಪ್ಪಲಿಯನ್ನೇ ನೋಡುತ್ತ ನಿಂತೆ. ಅವರು ನಿನ್ನ ಇಸ್ತ್ರಿ ಅಂಗಿ ನೋಡಿದರು, ನನ್ನ ಹೊಲಿಗೆ ಬಿಟ್ಟ ಕಾಲರು ನೋಡಿದರು. "ತೆಲುಗಲ್ಲಿ ಮಗ್ಗಿ ಹೇಳ್ಕೊಳ್ಳೋ, ಆಂಧ್ರದ ಗಡಿ ರಾಯಲ್ಪಾಡಿನವನಿಗೆ ಈ ಲೆಕ್ಕ ಎಲ್ಲಿಂದ ಬರ್ಬೇಕು?" ಎಂದರು. ತನಿಖೆ ಅಷ್ಟೇ. ಹೊರಗೆ ಬಂದ ಮೇಲೆ ನೀನು ನನ್ನ ಹೆಗಲ ಮೇಲೆ ಕೈ ಹಾಕಿ, "ಹೋಗ್ಲಿ ಬಿಡೋ ಚೌಡಪ್ಪ, ಪ್ರಿಪರೇಟರಿ ತಾನೆ" ಎಂದೆ. ನಾನು ಆ ಕೈಯನ್ನು ತೆಗೆಯಲಿಲ್ಲ. ಯಾಕೆ ತೆಗೆಯಲಿಲ್ಲ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ —

ಮುಂದಿನ ವರ್ಷ ನಾನು ಶ್ರೀನಿವಾಸಪುರದ ಒಂದು ಖಾಸಗಿ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದೆ. ಮ್ಯಾನೇಜ್‌ಮೆಂಟ್ ಪದವಿ ಕೊಡುವ ದೊಡ್ಡ ಸಂಸ್ಥೆಯ ಪ್ರವೇಶ ಪರೀಕ್ಷೆ ಬರೆದು ಪಾಸಾದೆ. ಸಂದರ್ಶನಕ್ಕೆ ಕರೆ ಬಂತು. ಓದಿದ ಕಾಲೇಜಿನ ಅಧ್ಯಾಪಕರಿಂದ ಒಂದು ಶಿಫಾರಸು ಪತ್ರ ತರಬೇಕಿತ್ತು. ಅದೇ ಮೇಷ್ಟ್ರ ಮುಂದೆ ಹೋಗಿ ನಿಂತೆ. "ಕಾಪಿ ಹೊಡೆದೋನಿಗೆ ನಾನು ಕಾಗದ ಬರ್ಕೊಡಲ್ಲ" ಎಂದರು. ನಾನು ಸಂದರ್ಶನಕ್ಕೆ ಹೋಗಲೇ ಇಲ್ಲ. ಆ ಕರೆಯ ಕಾಗದವನ್ನೂ ಪರೀಕ್ಷೆಯ ಸೂಚನಾ ಪತ್ರವನ್ನೂ ಮಡಚಿ ಲಾಗರಿದಮ್ ಪುಸ್ತಕದೊಳಗೆ ಇಟ್ಟೆ.

ಆಮೇಲೆ ನೀನು ಬಂದೆ. ತುರ್ತುಪರಿಸ್ಥಿತಿ ಮುಗಿದ ಮಾರನೇ ವರ್ಷ. ಆಗ ಮಾಲೂರಿನ ಒಂದು ಹೆಂಚಿನ ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದೆ ನೀನು. ಪ್ಯಾಂಟಿನ ತುದಿಗೆಲ್ಲ ಕೆಂಪು ಧೂಳು.

"ಲೇ ಚೌಡಪ್ಪ, ನೀನು ಪಾಸ್ ಮಾಡಿದ್ಯಲ್ಲ ಆ ಪರೀಕ್ಷೆ, ನಾನೂ ಕಟ್ಟಿದೀನಿ ಕಣೋ. ಇಂಗ್ಲಿಷಲ್ಲಿರೋ ಲೆಕ್ಕ ಓದಿದ್ರೆ ನಂಗೆ ತಲೆ ಬುಡ ತಿಳಿಯಲ್ಲ. ಹೇಳ್ಕೊಡೋ."

ನಾನು ಯಾಕೆ ಸಂದರ್ಶನಕ್ಕೆ ಹೋಗಲಿಲ್ಲ ಎಂದು ನೀನು ಕೇಳಲಿಲ್ಲ. ಸ್ಟಾಫ್ ರೂಮು ನಿನಗೆ ಮರೆತೇ ಹೋಗಿತ್ತು. ನನಗೆ ಸಿಟ್ಟು ಹತ್ತಿದ್ದು ಅದಕ್ಕೆ. ಕಾಪಿ ಹೊಡೆದದ್ದಕ್ಕಲ್ಲ, ಮರೆತದ್ದಕ್ಕೆ. "ಭಾನುವಾರ ಭಾನುವಾರ ಬಾ" ಎಂದೆ.

ಎರಡು ಬಸ್ಸು ಬದಲಾಯಿಸಿಕೊಂಡು ನೀನು ಹತ್ತು ಭಾನುವಾರ ಬಂದೆ. ಹೇಳಿಕೊಡುವುದರಲ್ಲಿ ನಾನು ಮೋಸ ಮಾಡಲಿಲ್ಲ. ಮೇಷ್ಟ್ರ ಗರ್ವ ಅದಕ್ಕೆ ಬಿಡಲಿಲ್ಲ. ಒಬ್ಬ ಹನ್ನೆರಡು ದಿನದಲ್ಲಿ ಮಾಡುವ ಕೆಲಸವನ್ನು ಇನ್ನೊಬ್ಬ ಹದಿನೆಂಟು ದಿನದಲ್ಲಿ ಮಾಡಿದರೆ ಇಬ್ಬರೂ ಸೇರಿ ಎಷ್ಟು ದಿನ? ನೀನು ಭಿನ್ನರಾಶಿ ಬರೆದು ಬೆವರುತ್ತಿದ್ದೆ. ನಾನು "ಪನ್ನೆಂಡು ಮೂಳ್ಳು ಮುಪ್ಪೈ ಆರು, ಪದ್ದೆನಿಮಿದಿ ರೆಂಡ್ಲು ಮುಪ್ಪೈ ಆರು" ಎಂದು ನನ್ನ ತೆಲುಗು ಮಗ್ಗಿಯಲ್ಲೇ ಗುನುಗಿ, ಹನ್ನೆರಡರ ಮೂರರಷ್ಟೂ ಹದಿನೆಂಟರ ಎರಡರಷ್ಟೂ ಮೂವತ್ತಾರೇ, ಮೂರೂ ಎರಡೂ ಐದು, ಮೂವತ್ತಾರನ್ನು ಐದರಿಂದ ಭಾಗಿಸು, ಏಳು ದಿನ, ಮೇಲೆ ಐದನೇ ಒಂದು ಎಂದು ಮುಗಿಸುತ್ತಿದ್ದೆ. ನೀನು ಬಾಯಿ ಬಿಟ್ಟುಕೊಂಡು ನೋಡುತ್ತಿದ್ದೆ. ನಿನಗೆ ಲೆಕ್ಕ ಬರುತ್ತಿತ್ತು ನಾಗಭೂಷಣ, ನಿಧಾನವಾಗಿ ಬರುತ್ತಿತ್ತು. ಈ ಮಾತನ್ನು ನಿನಗೆ ಒಮ್ಮೆಯೂ ಹೇಳಲಿಲ್ಲ.

ಕೊನೆಯ ಭಾನುವಾರ ಗಡಿಯಾರ ಎದುರಿಗಿಟ್ಟು ನೂರು ಲೆಕ್ಕ ಕೊಟ್ಟೆ. ಹೊತ್ತು ಮುಗಿದಾಗ ಅರವತ್ತು ಆಗಿತ್ತು, ಬಹುಪಾಲು ಸರಿಯೇ. ನಲವತ್ತು ಉಳಿದಿತ್ತು. "ಉಳಿದಿದ್ದಕ್ಕೆ ಏನ್ಮಾಡ್ಲಿ?" ಎಂದು ನೀನು ಕೇಳಿದೆ.

ಪ್ರತಿ ಪ್ರಶ್ನೆಗೆ ನಾಲ್ಕು ಉತ್ತರ, ಒಂದಕ್ಕೆ ಗುರುತು ಹಾಕಬೇಕು. ತಪ್ಪು ಗುರುತಿಗೆ ಅರ್ಧ ಅಂಕ ಕಡಿತ, ಬಿಟ್ಟರೆ ಕಡಿತವಿಲ್ಲ. ಅದು ಸೂಚನಾ ಪತ್ರದ ಮೊದಲ ಪುಟದಲ್ಲೇ ಇತ್ತು. ನಿನ್ನ ಪತ್ರವನ್ನು ನೀನು ಓದದೆ ನನ್ನ ಕೈಗೆ ಕೊಟ್ಟಿದ್ದೆ, ನಾನೇ ಅರ್ಥ ಹೇಳಲಿ ಎಂದು. ನಾನು ಹೇಳಿದೆ —

"ಒಂದನ್ನೂ ಖಾಲಿ ಬಿಡಬೇಡ. ಕೊನೇ ಐದು ನಿಮಿಷ ಇರ್ಬೇಕಾದ್ರೆ ಕಣ್ಮುಚ್ಕೊಂಡು ಗುರುತು ಹಾಕ್ತಾ ಹೋಗು. ಪ್ರಶ್ನೆಪತ್ರಿಕೇಲಿ ಮೊದಲ್ನೇ ಪುಟ ಓದ್ತಾ ಹೊತ್ತು ಕಳೀಬೇಡ, ಅಲ್ಲಿರೋದೆಲ್ಲ ನಾನು ಹೇಳಿದೀನಿ."

ನೀನು ನಂಬಿದೆ. ಯಾಕೆ ನಂಬಬಾರದು? ಒಂದನೇ ಕ್ಲಾಸಿನಿಂದ ನಮಗೆಲ್ಲ ಮೇಷ್ಟ್ರುಗಳು ಹೇಳಿದ್ದು ಅದನ್ನೇ. ಗೊತ್ತಿಲ್ಲದಿದ್ದರೆ ಏನಾದರೂ ಗೀಚು, ಖಾಲಿ ಬಿಟ್ಟರೆ ಸೊನ್ನೆ. ನಾನೂ ನನ್ನ ಶಾಲೆಯ ಮಕ್ಕಳಿಗೆ ದಿನಾ ಹೇಳುತ್ತಿದ್ದ ಮಾತು. ಹೊಸ ಸುಳ್ಳು ಕಟ್ಟುವ ಕಷ್ಟವೂ ನನಗೆ ಬೀಳಲಿಲ್ಲ.

ನಿನ್ನನ್ನು ಬಸ್ಸು ಹತ್ತಿಸಿ ಬಂದು ಲೆಕ್ಕ ಮಾಡಿದೆ. ನಲವತ್ತು ಕುರುಡು ಗುರುತಿನಲ್ಲಿ ಹತ್ತು ಸರಿ ಬೀಳಬಹುದು, ಮೂವತ್ತು ತಪ್ಪು. ಬರುವುದು ಹತ್ತು, ಹೋಗುವುದು ಹದಿನೈದು. ಐದು ಅಂಕ ನಷ್ಟ. ಅಂಥ ಪರೀಕ್ಷೆಯಲ್ಲಿ ಐದು ಅಂಕವೆಂದರೆ ಒಳಗಿರುವವನು ಹೊರಗೆ. ಎರಡು ಸಲ ತಾಳೆ ನೋಡಿದೆ. ನನ್ನ ಹಳೆಯ ಸೂಚನಾ ಪತ್ರದ ಆ ಸಾಲಿನ ಕೆಳಗೆ ಕೆಂಪು ಶಾಯಿಯಲ್ಲಿ ಗೆರೆ ಎಳೆದೆ. ಆ ದಿನ ಇನ್ನೊಂದು ಮುದ್ದೆ ಹಾಕಿಸಿಕೊಂಡು ಉಂಡೆ.

ಫಲಿತಾಂಶ ಬಂದ ಮೇಲೆ ನೀನು ಬಂದೆ. ಬರಿಗೈಯಲ್ಲಿ ಬರಲಿಲ್ಲ, ನನಗೊಂದು ಪಂಚೆ ತಂದಿದ್ದೆ. "ನಿನ್ ತಪ್ಪೇನಿಲ್ಲ ಕಣೋ. ನೀನು ಹೇಳ್ದಂಗೇ ಒಂದೂ ಬಿಡದೆ ತುಂಬಿಸ್ದೆ. ನನ್ ತಲೇನೇ ಇಷ್ಟು" ಎಂದೆ. ನನಗೆ ಖುಷಿಯಾಯಿತು. ಇಲ್ಲಿ ಸುಳ್ಳು ಹೇಳಲಾರೆ — ತುಂಬ ಖುಷಿಯಾಯಿತು. ಆ ಪಂಚೆಯನ್ನು ಯುಗಾದಿಗೆ ಉಟ್ಟುಕೊಂಡೆ.

ಇಷ್ಟಕ್ಕೇ ಮುಗಿದಿದ್ದರೆ ಈ ಕಾಗದ ಬರೆಯುತ್ತಿದ್ದೆನೋ ಇಲ್ಲವೋ. ಬಹುಶಃ ಇಲ್ಲ.

ಐದು ವರ್ಷದ ಹಿಂದೆ, ಮುಳಬಾಗಿಲಿನ ಶಾಲೆಯಲ್ಲಿದ್ದೆ ನಾನು. ಒಂದು ಶನಿವಾರ ಕೋಲಾರಕ್ಕೆ ಹೊರಟಿದ್ದೆ. ಬಸ್ಸಿನಲ್ಲಿ ಮುಂದಿನ ಸೀಟಿನ ಹುಡುಗಿ ತಿರುಗಿ ನಕ್ಕಳು. ನಿನ್ನ ತಂಗಿ ವನಜಾ. ಮುಳಬಾಗಿಲಿನ ಅಜ್ಜಿಯ ಮನೆಯಲ್ಲಿದ್ದುಕೊಂಡು ಓದಿ ಆಗಷ್ಟೇ ಬಿ.ಎಸ್ಸಿ. ಮುಗಿಸಿದ್ದಳು.

"ಚೌಡಪ್ಪಣ್ಣ, ನಾಳೆ ಬೆಂಗಳೂರಲ್ಲಿ ಪರೀಕ್ಷೆ, ಅಣ್ಣ ಬರೆದಿದ್ನಲ್ಲ, ಅದೇ. ಒಂದನ್ನೂ ಖಾಲಿ ಬಿಡಬಾರ್ದು, ಮೊದಲ್ನೇ ಪುಟ ಓದ್ತಾ ಕೂರ್ಬಾರ್ದು ಅಂತ ನೀವು ಹೇಳ್ಕೊಟ್ಟಿದ್ರಂತೆ. ನಂಗೂ ಅದನ್ನೇ ಹತ್ತು ಸಲ ಹೇಳಿ ಕಳಿಸಿದಾನೆ."

ಕೋಲಾರ ಇನ್ನೂ ಒಂದು ಗಂಟೆಯ ದಾರಿ. ಹಾಗಲ್ಲಮ್ಮ, ತಪ್ಪಾದರೆ ಕಡಿತ ಇದೆ — ಇಷ್ಟು ಹೇಳಿದ್ದರೆ ಸಾಕಿತ್ತು. ಹೇಳಿದರೆ ಅವಳು ನಿನಗೆ ಹೇಳುತ್ತಾಳೆ, ನೀನು ಲೆಕ್ಕ ಬಿಡಿಸುತ್ತೀಯ, ನಾನು ಸಿಕ್ಕಿಬೀಳುತ್ತೇನೆ ಎಂಬ ಹೆದರಿಕೆ. ಹೆದರಿಕೆಯೊಂದೇ ಎಂದರೂ ಸುಳ್ಳಾಗುತ್ತದೆ. ಒಳಗೆಲ್ಲೋ, ನಿಮ್ಮ ಮನೆಗೆ ಇನ್ನೊಂದು ಪೆಟ್ಟು ಬೀಳಲಿ ಎಂಬುದೂ ಇತ್ತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅವಳಿಗೆ ಕಡಲೆಕಾಯಿ ಕೊಡಿಸಿದೆ. "ಚೆನ್ನಾಗಿ ಬರಿಯಮ್ಮ" ಎಂದು ಕೋಲಾರದಲ್ಲಿ ಇಳಿದುಹೋದೆ.

ಅವಳಿಗೂ ಸೀಟು ಸಿಗಲಿಲ್ಲ. ಈಗ ನಿನ್ನ ಕಾರ್ಖಾನೆಯಲ್ಲೇ ಹೆಂಚಿನ ಬಿಲ್ಲು ಬರೆಯುತ್ತಾಳಂತೆ. ಮೊನ್ನೆ ಒಂದು ಮದುವೆಯಲ್ಲಿ ನಿಮ್ಮಮ್ಮ ಸಿಕ್ಕಿ, "ನಮ್ ಮನೇಲಿ ಯಾರ್ಗೂ ಲೆಕ್ಕ ಹತ್ತಲ್ಲ ಕಣಪ್ಪ, ನಮ್ ರಕ್ತದಲ್ಲೇ ಇಲ್ಲ" ಎಂದರು. ಊಟಕ್ಕೆ ಕೂತಿದ್ದ ನಾನು ಅರ್ಧಕ್ಕೇ ಎಲೆ ಮಡಚಿ ಎದ್ದೆ.

ಸ್ಟಾಫ್ ರೂಮಿನಲ್ಲಿ ನೀನು ಎರಡು ನಿಮಿಷ ಸುಮ್ಮನಿದ್ದೆ ಎಂಬುದೇ ನನ್ನ ದೂರು. ಆ ಬಸ್ಸಿನಲ್ಲಿ ನಾನು ಒಂದು ಗಂಟೆ ಸುಮ್ಮನಿದ್ದೆ. ನಿನ್ನನ್ನು ನಾನು ಕ್ಷಮಿಸಿಲ್ಲ. ಕ್ಷಮಿಸಿದ್ದೇನೆಂದು ನಾಟಕ ಆಡುವುದಿಲ್ಲ. ಆದರೆ ಆ ಹುಡುಗಿ ನನಗೇನು ಮಾಡಿದ್ದಳು?

ಈ ಕಾಗದವನ್ನು ಅಂಚೆಗೆ ಹಾಕುವುದಿಲ್ಲ. ಬರುವ ಭಾನುವಾರ ನಾನೇ ಎರಡು ಬಸ್ಸು ಬದಲಾಯಿಸಿಕೊಂಡು ಮಾಲೂರಿಗೆ ಬರುತ್ತೇನೆ. ನಿಮ್ಮಮ್ಮನ ಎದುರಿಗೆ ಇದನ್ನು ಓದುತ್ತೇನೆ. ಈ ವರ್ಷದ ಅರ್ಜಿಗೆ ಇನ್ನೂ ಗಡುವಿದೆ. ವನಜಾ ಮತ್ತೆ ಬರೆಯುತ್ತಾಳೋ ಇಲ್ಲವೋ, ಅದನ್ನು ಕೇಳುವ ಮುಖ ನನಗಿಲ್ಲ. ಕೆಂಪು ಗೆರೆ ಎಳೆದ ಆ ಸೂಚನಾ ಪತ್ರವನ್ನು ಲಾಗರಿದಮ್ ಪುಸ್ತಕದಿಂದ ತೆಗೆದು ಜೇಬಿನಲ್ಲಿಟ್ಟುಕೊಂಡಿದ್ದೇನೆ. ಅದನ್ನು ಅವಳ ಕೈಗೆ ಕೊಡುತ್ತೇನೆ. ಅರ್ಥ ಹೇಳುವುದಕ್ಕೆ ನಾನು ಬಾಯಿ ತೆರೆಯುವುದಿಲ್ಲ. ಮೊದಲನೇ ಪುಟವನ್ನು ಅವಳೇ ಓದಲಿ.